ಈರಪ್ಪನ ಮಗಳ ಉಸಿರು

ಐಹೊಳೆಯ ಗೈಡ್ ಈರಪ್ಪ ಪ್ರವಾಸಿಗರ ಮುಂದೆ ದಿನವಿಡೀ ಮಾತಾಡಿ ಬಂದರೂ ಮಗಳು ಗೀತಾಂಜಲಿಗೆಂದು ಒಂದಿಷ್ಟು ಮಾತು ಉಳಿಸಿಕೊಂಡೇ ಬರುತ್ತಿದ್ದ. ಜೇಬಿನಲ್ಲಿ ಅವಳಿಗೊಂದು ಬಿಸ್ಕೀಟಿನ ಪುಡಿಕೆ ಇದ್ದೇ ಇರುತ್ತಿತ್ತು.

ಏಳು ವರ್ಷದ ಆ ಹುಡುಗಿ ಬರಬರುತ್ತ ಬಿಳಿಚಿಕೊಂಡಳು. ರಕ್ತ ಕಡಿಮೆ ಎಂದು ಟಾನಿಕ್ ಕುಡಿಸಿದರು. ಚೇತರಿಸಿಕೊಂಡಳು ಅನ್ನುವಷ್ಟರಲ್ಲಿ ಮತ್ತೆ ಕೆಮ್ಮು, ದಮ್ಮು. ಒಂದು ದಿನ ಕೆಮ್ಮಿದಾಗ ಅವಳ ಅಂಗೈಯಲ್ಲಿ ರಕ್ತ ಕಂಡು ತಾಯಿ ಶೈಲಾ ಅವಳನ್ನು ಎತ್ತಿಕೊಂಡು ದವಾಖಾನೆಗೆ ಓಡಿದಳು. ಟಿ.ಬಿ. ಇಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾದರೂ ಓಣಿಯವರು ತಮ್ಮ ಮಕ್ಕಳನ್ನು ಅವಳ ಹತ್ತಿರ ಬಿಡಲಿಲ್ಲ.

ಕಡೆಗೆ ಬಾಗಲಕೋಟೆಯ ವಿದ್ಯಾಗಿರಿಯ ಮಕ್ಕಳ ಡಾಕ್ಟರು ಕಸ್ತೂರಿಯವರು ಕಾರಣ ಹುಡುಕಿದರು. ಹುಡುಗಿಯ ಶ್ವಾಸಕೋಶದೊಳಗೇ ರಕ್ತ ಒಸರುತ್ತಿತ್ತು. ರೋಗ ತಡೆದು ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಮೈಮೇಲೆ ತಿರುಗಿ ಬಿದ್ದಿದೆ, ಇದು ತೀರ ಅಪರೂಪದ ರೋಗ, ಇವಳಲ್ಲಿ ಅದನ್ನು ಕೆರಳಿಸುತ್ತಿರುವುದು ಗೋಧಿ ಎಂದು ತಿಳಿಸಿ ಹೇಳಿದರು. ಮಾತ್ರೆ ಬರೆದುಕೊಟ್ಟು, ಚಪಾತಿ, ಬ್ರೆಡ್ಡು, ಬಿಸ್ಕೀಟು ಎಲ್ಲ ನಿಲ್ಲಿಸಲು ಹೇಳಿದರು. ಜೋಳದ ರೊಟ್ಟಿ, ಅನ್ನಕ್ಕೆ ಅಡ್ಡಿಯಿರಲಿಲ್ಲ.

ಈರಪ್ಪ ಜೇಬಿನಲ್ಲಿದ್ದ ಪುಡಿಕೆ ತೆಗೆದು ಮೇಜಿನ ಮೇಲಿಟ್ಟ. “ದಿನಾ ಬಿಸ್ಕೀಟ ತಂದು ಕೊಡಾಂವ ನಾನ ಅದೀನ್ರಿ.”

“ಪ್ರೀತೀಲೆ ಕೊಟ್ಟೀರಿ. ಡಾಕ್ಟರ್ ಮಂದಿಗೇ ಇದು ಲಗೂನ ತಿಳಿಯೂದಿಲ್ರಿ,” ಎಂದರು ಕಸ್ತೂರಿ.

ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಚಪಾತಿ ಬಿಟ್ಟರು. ಹಬ್ಬಕ್ಕೆ ಶೈಲಾ ಅಕ್ಕಿಹಿಟ್ಟಿನಲ್ಲಿ ಹೋಳಿಗೆ ಮಾಡಹೋದರೆ ಎಲ್ಲ ಹರಿದುಹೋದವು. ಗೀತಾಂಜಲಿ ಆ ಚೂರುಗಳನ್ನೇ ತುಪ್ಪದಲ್ಲಿ ಅದ್ದಿ ತಿಂದು, ಇನ್ನೂ ಬೇಕೆಂದಳು.

ಇಷ್ಟಾದರೂ ಮಳೆಗಾಲದಲ್ಲಿ ಮತ್ತೆ ಕೆಮ್ಮಿನಲ್ಲಿ ರಕ್ತ ಬಂತು. ಹಿಟ್ಟು ಎಲ್ಲಿ ಬೀಸಿಸುತ್ತೀರಿ ಎಂದು ಡಾಕ್ಟರು ಕೇಳಿದಾಗಲೇ ಈರಪ್ಪನಿಗೆ ಹೊಳೆದದ್ದು: ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳವನ್ನೂ ಹಾಕುತ್ತಿದ್ದರು. ಗಿರಣಿಯ ಖಾಸಿಂಸಾಬನ ಮುಂದೆ ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಖಾಸಿಂಸಾಬ, “ಜ್ವಾಳಕ್ಕಂತನ ಬ್ಯಾರೆ ಕಲ್ಲು ಇಡ್ತೇನಿ. ಅದರಾಗ ಗೋಧಿ ಹಾಕೂದಿಲ್ಲ,” ಎಂದ. ಹಾಗೇ ನಡೆದುಕೊಂಡ. ಯಾಕೆಂದು ಕೇಳಿದವರಿಗೆಲ್ಲ ಕಾರಣವನ್ನೂ ಹೇಳಿದ. ಅವನ ಮಾತಿನಿಂದಲೇ ಓಣಿಯವರ ಅಂಜಿಕೆ ಕಳೆದು, ಮಕ್ಕಳು ಮತ್ತೆ ಆಡಲು ಬಂದರು.

ಈಗ ಮಾತ್ರೆ ಕಡಿಮೆಯಾಗಿವೆ. ತಪಾಸಣೆ ಮಾತ್ರ ನಡೆದೇ ಇದೆ. ಮೊನ್ನೆ ರವಿವಾರ ಗೀತಾಂಜಲಿ ಅಪ್ಪನ ಜೊತೆ ಮೇಗುತಿ ಗುಡ್ಡ ಹತ್ತಿದಳು. ಅರ್ಧ ದಾರಿಯಲ್ಲಿ ನಿಂತು ಏದುಸಿರು ಬಿಟ್ಟವನು ಈರಪ್ಪ.

“ಅಪ್ಪಾ, ಲಗೂನ ಬಾ,” ಎಂದು ಮೇಲಿನಿಂದ ಕರೆದಳು.