ಹುಣಸೆಹುಳಿಯಲ್ಲಿ ತೊಳೆದ ಬ್ರೂಚು

ದೊಡ್ಡಪ್ಪನ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಉಗುರು ಇರಬೇಕಾದಲ್ಲಿ ಬೆಂದ ಬಟಾಟೆಯಂಥ ನುಣುಪಾದ, ಗುಲಾಬಿ ಬಣ್ಣದ ಗುಬುಟು. ಅದು ಹೋದದ್ದು ಹೇಗೆಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ. ಇಂಗ್ಲಿಷರಿಗೆ ಗಂಗೊಳ್ಳಿ ಸಮುದ್ರದ ಶಾರ್ಕ್ ಮೀನು, ನಮ್ಮವರಿಗೆ ಹೋಟೆಲಿನ ಗ್ರೈಂಡರು. ದೊಡ್ಡಮ್ಮನ ಪ್ರಕಾರ ವ್ಯಾನಿನ ಬಾಗಿಲು, ಅದನ್ನು ಎಳೆದು ಹಾಕಿಕೊಂಡದ್ದೂ ದೊಡ್ಡಪ್ಪನೇ.

ಆ ಮೊಂಡು ಬೆರಳಿನಿಂದಲೇ ಅವರು ಮಣ್ಣು ಕೆದಕುತ್ತಿದ್ದರು. ಆ ಬೆರಳಿನಿಂದಲೇ ಜನರನ್ನು ತೋರಿಸಿ ಮಾತಾಡುತ್ತಿದ್ದರು.

ನಾನು ಕುಂದಾಪುರದಿಂದ ಲಂಡನ್ನಿಗೆ ಕೆಲಸಕ್ಕೆಂದು ಬಂದಾಗ ಅವರೇ ಹೀಥ್ರೂ ಏರ್‌ಪೋರ್ಟಿಗೆ ಬಂದು ತಮ್ಮ ಕೋಟು ಬಿಚ್ಚಿ ನನಗೆ ಹೊದಿಸಿದರು. ಕಾರಿನಲ್ಲಿ ಕೂತ ಮೇಲೆ, "ನಿನ್ನಪ್ಪ ಒಂದ್ ಬೆಚ್ಚಗಿನ ಬಟ್ಟಿ ತೆಗೆಸಿಕೊಡುವಷ್ಟೂ ದುಡಿಲಿಲ್ಯಾ ಹೆಣ್ಣೆ?" ಎಂದರು. ಕೆಂಟನ್ನಿನ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಐದಾರು ವರ್ಷ ಇದ್ದೆ. ಅಲ್ಲಿಂದಲೇ ಕ್ಯಾನರಿ ವಾರ್ಫ್‌ನ ಆಫೀಸಿಗೆ ಹೋಗಿಬರುತ್ತಿದ್ದೆ. ಬಾಡಿಗೆಯ ಮಾತು ಅವರು ಎತ್ತಲಿಲ್ಲ. ಮಾತಿನ ಏಟು ಮಾತ್ರ ದಿನವೂ ಇತ್ತು. ಎರಡನ್ನೂ ಬರೆಯಬೇಕು, ಒಂದನ್ನು ಬಿಟ್ಟರೆ ಅವರು ಅವರಾಗುವುದಿಲ್ಲ.

ಲಂಡನ್ನಿನ ಅಂಚಿನ ಹೇರ್‌ಫೀಲ್ಡ್ ದಾಟಿದ ಮೇಲೆ ಒಂದು ಹೊಲ ಇತ್ತು. ತೊಂಬತ್ತರ ದಶಕದಲ್ಲಿ ಅವರು ತಮ್ಮ ಹೆಸರಿನ ಜೊತೆ ನನ್ನ ಅಪ್ಪನ ಹೆಸರನ್ನೂ ಸೇರಿಸಿ ಕೊಂಡದ್ದು. ಮುಂದೆ ಅಲ್ಲಿ ಮನೆಗಳು ಏಳುತ್ತವೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದರು. ಅಲ್ಲಿನ ಕೌನ್ಸಿಲ್ ಒಂದು ಕೊಟ್ಟಿಗೆ ಕಟ್ಟಲೂ ಒಪ್ಪಲಿಲ್ಲ. ಹುಲ್ಲು, ತುರಿಕೆ ಗಿಡ, ಪಕ್ಕದವರ ಎರಡು ಕುದುರೆ, ಅಷ್ಟೇ ಬೆಳೆ. ದೋಸೆ ಹೊಯ್ಯುತ್ತಿದ್ದ ಹೋಟೆಲು ಬಿಟ್ಟ ಮೇಲೆ ದೊಡ್ಡಪ್ಪ ಒಂದು ಮೆಟಲ್ ಡಿಟೆಕ್ಟರ್ ತಂದರು. ಮೇಲೆ ಏನೂ ಕಟ್ಟಲು ಬಿಡದ ನೆಲದ ಕೆಳಗೆ ಏನಿದೆ ನೋಡೋಣ ಎಂದು ಹಟ ಹಿಡಿದರು.

ಭಾನುವಾರ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. "ಮಿಷನ್ ನಂದ್, ಗುಂಡಿ ನಿಂದ್. ನಿನ್ನಪ್ಪನ ಪಾಲ್ ಅಲ್ಲಿತ್ತ್ ಕಾಣ್, ಆ ಮುಳ್ಳಿನ್ ಹಿಂಡ್." ಹೆಡ್‌ಫೋನನ್ನು ನನ್ನ ಕಿವಿಗೂ ಇಟ್ಟು ಕಲಿಸಿದ್ದರು: ಕಬ್ಬಿಣ ಗೊರಕೆ ಹೊಡೆಯುತ್ತದೆ, ಬೆಳ್ಳಿ ಕೂಗುತ್ತದೆ, ಡಬ್ಬಿಯ ಮುಚ್ಚಳ ಎರಡನ್ನೂ ನಟಿಸುತ್ತದೆ. ಸಿಕ್ಕಿದ್ದು ಲಾಳ, ಅಂಗಿಯ ಗುಂಡಿ, ಬಿಯರ್ ಡಬ್ಬಿಯ ಕಿವಿ. ಕೆಂಟನ್ನಿನ ನಮ್ಮವರು ಎಲ್ಲೇ ಎದುರಾಗಲಿ, "ಗುಜರಿ ಸಾವ್ಕಾರ್ರೆ, ಇವತ್ತ್ ಎಂತ ಸಿಕ್ತ್?" ಎಂದು ಕೆಣಕುತ್ತಿದ್ದರು. ಅವರು ನಗುತ್ತಿದ್ದರು. ಮನೆಗೆ ಬಂದು ಆ ನಗೆಯ ಬಾಕಿಯನ್ನು ದೊಡ್ಡಮ್ಮನ ಮೇಲೆ ತೀರಿಸುತ್ತಿದ್ದರು.

ಅವರಿಗೆ ಬೇಕಾಗಿದ್ದು ಚಿನ್ನವಲ್ಲ. ಹೊಲದಲ್ಲಿ ಹಳೆಯದು ಸಿಕ್ಕರೆ ಮ್ಯೂಸಿಯಂನವರು ಅದರ ಚಿತ್ರ ತೆಗೆದು, ಸಿಕ್ಕ ಜಾಗ ಬರೆದು, ಹುಡುಕಿದವರ ಹೆಸರನ್ನೂ ಬರೆದಿಡುತ್ತಾರೆ ಎಂದು ಯಾರಿಂದಲೋ ತಿಳಿದಿದ್ದರು. "ಮೂವತ್ತ್ ವರ್ಷ ಈ ಊರಿಗೆ ದೋಸೆ ಹೊಯ್ದೆ. ಒಬ್ಬನಾದ್ರೂ ಹೆಸ್ರ್ ಕೇಂಡ್ನಾ? ಒಂದ್ಕಡಿ ಬರ್ದಿಡ್ಲಿ, ಸಾಕ್" ಎಂದಿದ್ದರು, ಗುಂಡಿಯ ಅಂಚಿನಲ್ಲಿ ಕೂತು. ಆಗ ಅವರ ಮುಖದಲ್ಲಿ ವ್ಯಂಗ್ಯ ಇರಲಿಲ್ಲ. ನಾನು ನೋಡಿದ ಹಾಗೆ ಅದೊಂದೇ ಸಲ.

ಒಂದು ಮಾರ್ಚಿನಲ್ಲಿ ಅದು ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದ, ಬಾಗಿದ ಬೆನ್ನು, ಮೈಯೆಲ್ಲ ದಟ್ಟ ಹಸಿರು. ಮ್ಯೂಸಿಯಂನ ಹೆಂಗಸೊಬ್ಬಳು ತಿಂಗಳಿಗೊಮ್ಮೆ ಲೈಬ್ರರಿಯಲ್ಲಿ ಕೂತು ಇಂಥವನ್ನು ನೋಡುತ್ತಿದ್ದಳು. ರೋಮನ್ನರ ಕಾಲದ ಕಂಚಿನ ಬ್ರೂಚು ಎಂದಳು, ಮೇಲುಹೊದಿಕೆಗೆ ಚುಚ್ಚಿಕೊಳ್ಳುವಂಥದು. ತೊಳೆಯಬೇಡಿ, ಆ ಹಸಿರು ಪದರವೇ ಇದನ್ನು ಕಾದಿರುವುದು, ಶನಿವಾರ ಹೊಲ ನೋಡಲು ಬರುತ್ತೇನೆ, ಹಾಗೇ ಮನೆಗೂ ಬಂದು ಇದನ್ನು ತೆಗೆದುಕೊಂಡು ಹೋಗುತ್ತೇನೆ ಎಂದಳು.

ಇನ್ನು ಮುಂದಿನದನ್ನು ದೊಡ್ಡಪ್ಪ ಎಷ್ಟು ಸಲ ಹೇಳಿದ್ದಾರೆಂದರೆ, ನನ್ನ ನೆನಪಿಗೂ ಅವರ ಕಥೆಗೂ ಗಡಿ ಅಳಿಸಿಹೋಗಿದೆ. ನನ್ನದು ಎಂದು ಖಾತ್ರಿ ಇರುವುದನ್ನಷ್ಟೇ ಬರೆಯುತ್ತೇನೆ.

ಶುಕ್ರವಾರ ಬೆಳಿಗ್ಗೆ ಅವರು ದೊಡ್ಡಮ್ಮನಿಗೆ ಹೇಳಿದ್ದು ನಾನು ಕೇಳಿದ್ದೇನೆ. "ಏ ಇವ್ಳೆ, ನಾಳೆ ಮ್ಯೂಸಿಯಂನವ್ರ್ ಬತ್ರ್. ಮನೆಯಂಗೆ ಒಂದ್ ಚೂರ್ ಕಿಲುಬು ಕಾಂಬುಕಾಗ." ನಮ್ಮ ಕಡೆ ಹಿತ್ತಾಳೆಗೆ ಹಸಿರು ಹಿಡಿದರೆ ಅದು ಲೋಹದ ದೋಷವಲ್ಲ, ಮನೆಯ ಹೆಂಗಸಿನದು. ದೊಡ್ಡಪ್ಪ ಬಂದವರ ಎದುರಿನಲ್ಲೇ ದೀಪದ ಬುಡಕ್ಕೆ ಮೊಂಡು ಬೆರಳು ಹಾಕಿ ತಿರುವಿ, ಅಂಟಿದ ಹಸಿರನ್ನು ಅವಳಿಗೆ ತೋರಿಸುವವರು. ಬ್ರೂಚನ್ನು ಒಂದು ಸಾಸರಿನಲ್ಲಿ ದೇವರ ಗೂಡಿನಲ್ಲಿಟ್ಟವರೂ ಅವರೇ. ಅದನ್ನು ಮುಟ್ಟಬೇಡ ಎಂದು ಹೇಳಿದ್ದೆ ಎನ್ನುತ್ತಿದ್ದರು. ಹೇಳಿರಬಹುದು, ನಾನು ಆಫೀಸಿಗೆ ಹೋದ ಮೇಲೆ.

ಸಂಜೆ ಬಂದಾಗ ದೀಪ, ಆರತಿ, ಗಂಟೆಯ ಪಕ್ಕದಲ್ಲಿ ಅದೂ ಹೊಳೆಯುತ್ತಿತ್ತು. ಹುಣಸೆಹುಳಿ ಮತ್ತು ಉಪ್ಪಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಹಳದಿ ಹಳದಿ. ನಿನ್ನೆ ಮದುವೆಗೆ ಕೊಂಡು ತಂದಂತಿತ್ತು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಎಷ್ಟ್ ಕೊಳಿ ಇತ್ತ್ ಗೊತ್ತಿತ್ತಾ?" ಎಂದಳು, ಖುಷಿಯಲ್ಲಿ.

ಮರುದಿನ ಮ್ಯೂಸಿಯಂನ ಆ ಹೆಂಗಸು ಸಾಸರನ್ನು ನೋಡಿದಳು. ದೊಡ್ಡಪ್ಪನ ಕಥೆಯಲ್ಲಿ ಅವಳು ತಲೆ ಹಿಡಿದುಕೊಂಡು ಸೋಫಾಕ್ಕೆ ಕುಸಿಯುತ್ತಾಳೆ. ನಂತರದ ವರ್ಷಗಳಲ್ಲಿ ಅಳುತ್ತಾಳೆ ಕೂಡ. ನಿಜಕ್ಕೆ ಅವಳು ಕೂರಲೇ ಇಲ್ಲ. ಬೇಸರದ ವಿಷಯ, ಹಸಿರು ಮೇಲ್ಮೈ ಹೋಗಿದೆ ಎಂದಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು, ಆಕಾರ ಇದೆ, ಗೆರೆಗಳ ಅಲಂಕಾರ ಇದೆ, ಸಿಕ್ಕ ಜಾಗ ಗೊತ್ತಿದೆ, ಏನೂ ತೊಂದರೆಯಿಲ್ಲ, ದಾಖಲಿಸೋಣ, ಎರಡು ವಾರ ಕೊಡಿ ಎಂದಳು.

ದೊಡ್ಡಪ್ಪ ಅಡಿಗೆಮನೆಯ ಕಡೆ ನೋಡಿದರು. ಅಲ್ಲಿ ದೊಡ್ಡಮ್ಮ ಕಾಫಿ ಸೋಸುತ್ತಿದ್ದಳು. ಅವರು ಸಾಸರನ್ನು ತಮ್ಮ ಕಡೆಗೆ ಎಳೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ಬೇಡ. ಇದು ಮುಗಿಯಿತು. ನನ್ನ ಹೆಂಡತಿ ಇದನ್ನು ಕೊಂದಳು." ಮ್ಯೂಸಿಯಂನವಳು ಇನ್ನೊಮ್ಮೆ ಕೇಳಿದಳು. ಅವರು ಬಾಗಿಲು ತೆರೆದರು. ಮುಚ್ಚುವಾಗ ಅವರು ನಕ್ಕರೋ, ಅಥವಾ ಆ ನಗು ನಾನು ಆಮೇಲೆ ಸೇರಿಸಿದ್ದೋ, ಹೇಳಲಾರೆ.

ಅಂದಿನಿಂದ ಮನೆಗೆ ಯಾರೇ ಬರಲಿ, "ಆ ಸಾಮಾನ್ ತಾ" ಎನ್ನುತ್ತಿದ್ದರು. ದೊಡ್ಡಮ್ಮ ಕಾಫಿ ತಟ್ಟೆಯಲ್ಲಿ ಲೋಟಗಳ ನಡುವೆ ಬ್ರೂಚನ್ನಿಟ್ಟು ತರಬೇಕು. ಕಥೆ ಮುಗಿಯುವವರೆಗೂ ತಟ್ಟೆ ಹಿಡಿದು ನಿಂತಿರಬೇಕು. "ಎರಡ್ ಸಾವಿರ ವರ್ಷ ಮಣ್ಣ್ ಕಾದ್ ಇಟ್ಟದ್ನ ಇವ್ಳ್ ಎರಡ್ ನಿಮಿಷಕ್ಕೆ ತೊಳ್ದ್ ಕೊಟ್ಟಳ್ ಕಾಣಿ. ನಿಮ್ಮನೆ ಹಳೆ ಅಜ್ಜ ಯಾರಾದ್ರೂ ಇದ್ರೆ ಕಳ್ಸಿ, ತೊಳ್ದ್ ಪ್ರಾಯದ್ ಗಂಡ್ ಮಾಡ್ತಳ್!" ಜನ ನಗುತ್ತಿದ್ದರು. ನಗದವರಿಗೆ ಎರಡನೆಯ ಸಲ ಹೇಳುತ್ತಿದ್ದರು.

ಕಂಚು ಮತ್ತೆ ಮಂಕಾಗುತ್ತದೆ. ಮಂಕಾದರೆ ಕಥೆಗೆ ರುಚಿ ಇಲ್ಲ. ಅದಕ್ಕೇ ಯಾರಾದರೂ ಬರುವ ಹಿಂದಿನ ದಿನ, "ಕಪ್ಪಾಯ್ತ್, ತೊಳಿ" ಎನ್ನುತ್ತಿದ್ದರು. ಅವಳು ಸಿಂಕಿನ ಮುಂದೆ ನಿಂತು ಹುಣಸೆಹುಳಿ ಹಚ್ಚಿ ಉಜ್ಜುತ್ತಿದ್ದಳು. ಮೊದಲು ಗೆರೆಗಳು ಹೋದವು. ಆಮೇಲೆ ಬೆನ್ನಿನ ಮೇಲಿನ ಏಣು ಹೋಯಿತು. ಚುಚ್ಚುವ ಮುಳ್ಳು ಮುರಿಯಿತು. ಕೆಲವು ವರ್ಷಗಳಲ್ಲಿ ಅದು ನಿಜವಾಗಿಯೂ ಹಾಳಾಯಿತು, ಅವಳ ಕೈಯಿಂದಲೇ.

"ಬಿಸಾಡು ದೊಡ್ಡಮ್ಮ, ಕಳೆದುಹೋಯ್ತು ಅಂತ ಹೇಳು" ಎಂದಿದ್ದೆ ಒಮ್ಮೆ.

"ಬಿಸಾಡ್ರೆ ಹುಡ್ಕುವ ಮಿಷನ್ ಇತ್ತಲ್ದಾ ಅವ್ರ್ ಹತ್ರ?" ಎಂದು ಉಜ್ಜುವುದನ್ನು ಮುಂದುವರಿಸಿದಳು.

ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಬಲಭಾಗ ಬಿತ್ತು, ಮಾತು ಹೋಯಿತು, ತಿಳಿವಳಿಕೆ ಉಳಿಯಿತು. ನಾನು ಆಗ ಕ್ರೋಯ್ಡನ್ನಿನಲ್ಲಿ ಬೇರೆ ಮನೆ ಮಾಡಿದ್ದೆ, ಶನಿವಾರ ಬರುತ್ತಿದ್ದೆ. ದೊಡ್ಡಮ್ಮ ಅವರಿಗೆ ಗಂಜಿ ತಿನ್ನಿಸಿ, ಬಾಯಿ ಒರೆಸಿ, ಬಟ್ಟೆ ಬದಲಿಸಿ, ಒಂದು ಕುಂದೂ ಬರದಂತೆ ನೋಡಿಕೊಳ್ಳುತ್ತಿದ್ದಳು.

ಮೊದಲ ಬಾರಿ ನೋಡಲು ಬಂದವರು ಊರಿನ ಕಡೆಯ ಗಂಡಹೆಂಡತಿ. ದೊಡ್ಡಮ್ಮ ಕಾಫಿ ತಂದಳು. ಲೋಟಗಳ ನಡುವೆ, ಯಾರೂ ಕೇಳದಿದ್ದರೂ, ಅದು ಇತ್ತು. ಈಗ ಅದು ಬ್ರೂಚಲ್ಲ, ಸವೆದ ಹಳದಿ ಕಡ್ಡಿ. ಅದನ್ನು ತೆಗೆದು ದೊಡ್ಡಪ್ಪನ ತೊಡೆಯ ಕಂಬಳಿಯ ಮೇಲಿಟ್ಟಳು.

"ಹ್ವಾಯ್, ಹೇಳಿ. ಬಂದವ್ರ್ ಕಾಯ್ತಿದ್ರ್."

ಅವರ ಬಾಯಿ ಒಂದು ಕಡೆಗೆ ಎಳೆಯಿತು. ಬಂದವರು ಲೋಟದೊಳಗೆ ನೋಡತೊಡಗಿದರು. ನಾನು "ದೊಡ್ಡಮ್ಮ" ಎಂದೆ. ಅವಳು ದೊಡ್ಡಪ್ಪನಿಗೇ ಹೇಳಿದಳು:

"ಆ ಮ್ಯೂಸಿಯಂ ಹೆಂಗ್ಸ್ ಕಡಿಗೆ ಎಂತ ಹೇಳ್ದಳ್, ಅದನ್ನೂ ಹೇಳಿ. ತೊಂದ್ರಿ ಇಲ್ಲ, ಬರ್ದ್ ಇಡ್ಲಕ್ಕ್ ಅಂದಳಲ್ದಾ? ನಾನ್ ಕಾಫಿ ಸೋಸ್ತಿದ್ದೆ. ಕೆಪ್ಪಿ ಅಲ್ಲ."

ದೊಡ್ಡಪ್ಪ ಅವಳನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಕಣ್ಣಿಂದ ನೀರು ಇಳಿಯಿತು. ಸ್ಟ್ರೋಕ್ ಆದವರಿಗೆ ಸುಮ್ಮನೆಯೂ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ತಟ್ಟೆ ಹಿಡಿದು ನಿಂತೇ ಇದ್ದಳು, ಒಂದು ಕಥೆ ಮುಗಿಯಲು ಬೇಕಾಗುವಷ್ಟು ಹೊತ್ತು. ಕಡೆಗೆ ಸೆರಗಿನಿಂದ ಅವರ ಗಲ್ಲ ಒರೆಸಿ, ಬಂದವರಿಗೆ ಹೇಳಿದಳು:

"ಇವತ್ತ್ ಇವ್ರಿಗೆ ಮನ್ಸಿಲ್ಲ ಕಾಣಿ. ಇನ್ನೊಂದ್ ಸಲ ಬನ್ನಿ, ಹೇಳ್ತ್ರ್."

ಅವರು ತೀರಿಕೊಳ್ಳುವವರೆಗೆ, ಬಂದ ಪ್ರತಿಯೊಬ್ಬರಿಗೂ ಅವಳು ಹಾಗೆಯೇ ಹೇಳಿ ಕಳಿಸಿದಳು.