ಪೈಪಿಗಿಟ್ಟ ಕಿವಿ

ಮಾಗಡಿಯಿಂದ ರಾಮನಗರಕ್ಕೆ ಬರುವಾಗ ನಡುದಾರಿಯಲ್ಲಿ ಬಸ್ಸು ಪಂಕ್ಚರಾಯಿತು. ಎಲ್ಲರೂ ಇಳಿದು ರಸ್ತೆಬದಿಯ ಟೀ ಅಂಗಡಿಯ ನೆರಳು ಹಿಡಿದೆವು. ಮಳೆ ಕೈಕೊಟ್ಟ ವರ್ಷ; ನೆರಳೂ ಸುಡುತ್ತಿತ್ತು. ಟೀ ಒಲೆ ಆರಿತ್ತು. ಕುಡಿಯಲು ನೀರಾದರೂ ಕೊಡಿ ಎಂದು ಕೇಳಿದೆ.

ಅಂಗಡಿಯ ಹೆಂಗಸು ಕೊಡಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಹೊರಗೆ ಹೋದಳು. ಡ್ಯಾಮಿನಿಂದ ರಸ್ತೆಯುದ್ದಕ್ಕೂ ಬಂದಿದ್ದ ದಪ್ಪ ಕಬ್ಬಿಣದ ಪೈಪು ತುಕ್ಕು ಹಿಡಿದಿತ್ತು. ಅದರ ಮೇಲೆ ಸೆರಗು ಮಡಿಸಿಟ್ಟು, ಸೆರಗಿಗೆ ಕಿವಿಯಿಟ್ಟಳು.

"ಒಸಿ ತಾಳಿ ಸಾ, ನೀರು ಇನ್ನೂ ಓಡ್ತಾ ಐತೆ. ಮೊದ್ಲು ರಾಮನಗರಕ್ಕೆ ಬುಡ್ತಾರೆ. ಅಲ್ಲಿ ನಿಂತ್ಮೇಲೇ ನಮ್ಮೂರ್ ನಲ್ಲೀಗೆ."

ಅಂಗಡಿಯ ಪಕ್ಕದ ನಲ್ಲಿಯ ಮುಂದೆ ಬಿಂದಿಗೆಗಳು ಸಾಲಾಗಿ ಕೂತಿದ್ದವು.

"ತಾವು ಯಾವೂರು?"

"ರಾಮನಗರ" ಅಂದೆ. ಅವಳು ಸಿಟ್ಟಾಗಿದ್ದರೆ ವಾಸಿಯಿತ್ತು. "ಕುಂತ್ಕಳಿ" ಎಂದು ಬೆಂಚು ಒರೆಸಿದಳು.

ಅಷ್ಟರಲ್ಲಿ ಮನೆಯಿಂದ ಫೋನು. ಹೆಂಡತಿಯ ದನಿ ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಸಂಪು, ಡ್ರಮ್ಮು ಎಲ್ಲಾ ತುಂಬ್ತು ಕಣ್ರೀ. ಇನ್ನೂ ಬರ್ತಾನೇ ಐತೆ. ಅಂಗಳ ತೊಳೀತಾ ಇದೀನಿ."

"ನಲ್ಲಿ ನಿಲ್ಸು."

"ನಾನೊಬ್ಳು ನಿಲ್ಸುದ್ರೆ ಬೀದಿಯೋರೆಲ್ಲ ನಿಲ್ಸ್‌ಬುಟ್ಟಾರಾ?" ಎಂದು ಫೋನಿಟ್ಟಳು.

ಡ್ರೈವರು ಇನ್ನೂ ಟೈರಿನ ನಟ್ಟು ಬಿಚ್ಚುತ್ತಿದ್ದ. ಅಂಗಡಿಯವಳು ಮತ್ತೆ ಪೈಪಿನ ಹತ್ತಿರ ಹೋಗಲಿಲ್ಲ. ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ಕೇಳಿದಳು:

"ನಿಂತ್ತಾ ಸಾ?"