ಗೌರಮ್ಮನವರ ಊರಿನ ಚಿತ್ರ

ದೂರದಿಂದ ನೋಡಿದರೆ ಊರೆಂಬುದು ಬರೀ ಬಣ್ಣ ಎಂದೋ ಏನೋ ಒಂದು ಸಾಲನ್ನು ಎಲ್ಲೋ ಓದಿದ ನೆನಪು. ಬರೆದವರು ಊರು ಕಳೆದುಕೊಂಡವರಿರಲಿಕ್ಕಿಲ್ಲ, ಗೆಳೆಯರೇ.

ನಮ್ಮ ಪಕ್ಕದ ಮನೆಗೆ ಬಂದಿರುವ ಗೌರಮ್ಮನವರ ಹಳ್ಳಿ ಹೋದ ವರ್ಷ ಹೆಗ್ಗಡದೇವನಕೋಟೆಯ ಕಡೆ ಹೊಸ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಅದರದೊಂದು ಫೋಟೋ ಕೂಡ ಇಲ್ಲ. ಆ ಊರನ್ನು ಕಂಡಿದ್ದ ನನ್ನ ತಮ್ಮನಿಗೆ ಚಿತ್ರ ಬರೆದುಕೊಡು ಎಂದಿದ್ದರು. ಇವತ್ತು ಅವರು ನಮ್ಮ ಮನೆಗೆ ನೋಡಲು ಬಂದರೆ, ಒಂದು ಹಸಿರು ಪಟ್ಟೆ, ಒಂದು ಕೆಮ್ಮಣ್ಣಿನ ಪಟ್ಟೆ, ನಡುವೆ ಬೂದು.

“ನಮ್ಮನೆ ಎಲ್ಲಪ್ಪ?”

“ಮನೆ ಬರೆದಿಲ್ಲಮ್ಮ. ಊರು ನನ್ನ ಮನಸ್ಸಲ್ಲಿ ಉಳಿದಿರೋದು ಹೀಗೇ.”

“ಗ್ವಾಡೆಗೆ ಸುಣ್ಣ ಬಳಿಯೋನೂ ಇಂಗೇ ಬಳೀತಾನೆ ಕಣಪ್ಪ” ಎಂದು ನಕ್ಕರು. ಆಮೇಲೆ ಬಹಳ ಹೊತ್ತು ಆ ಕೆಮ್ಮಣ್ಣಿನ ಪಟ್ಟೆಯನ್ನೇ ನೋಡಿದರು.

ಹೊರಟಾಗ ನಾನು ಕುಂಕುಮದ ಬಟ್ಟಲು ಹಿಡಿದೆ. ಚಿಟಿಕೆ ತೆಗೆದವರು ಹಣೆಗಿಡದೆ, ಆ ಕೆಮ್ಮಣ್ಣಿನ ಪಟ್ಟೆಯ ಹಸಿ ಬಣ್ಣದ ಮೇಲೆ ಒತ್ತಿಬಿಟ್ಟರು. “ಅಯ್ಯೋ, ಚಿತ್ರ ಕೆಟ್ಟೋಯ್ತು!” ಎಂದು ತಮ್ಮ ಕೂಗಿದ.

ಬಾಗಿಲಲ್ಲಿ ಗೌರಮ್ಮ ನನಗೆ ಹೇಳಿದರು: “ಊರು ಬುಟ್ಟ ದಿನ ಗಾಡಿಯೋರು ಅವಸರ ಮಾಡುದ್ರು ಅಂತ ಒಸ್ಲಿಗೆ ಕುಂಕುಮ ಇಕ್ಕದೇ ಬಂದ್ಬುಟ್ಟಿದ್ದೆ ಕಣವ್ವ. ಇವತ್ತು ಇಕ್ಕಿವ್ನಿ. ಇನ್ನು ನಿನ್ ತಮ್ಮ ಅದ್ರ ಮ್ಯಾಲೆ ನೀರು ಬರುದ್ರೂ ಬರೀಲಿ ಬುಡು.”